ಕಾಕಾ ಓದುತ್ತಿದ್ದ ಪುಟ

ಮೊನ್ನೆ ಕುಂದಗೋಳದ ಅಂಗಡಿಯೊಂದರಲ್ಲಿ ಝೆರಾಕ್ಸ್ ಮಷೀನಿನಿಂದ ಆಗಷ್ಟೇ ಹೊರಬಿದ್ದ ಹಾಳೆ ಕೈಗೆ ಬಂತು. ಆ ಬಿಸಿ ಕಾಗದದ ವಾಸನೆಗೆ ಕಾಕಾ ನೆನಪಾದರು...

ಅಂಥದೇ ಒಂದು ಅಂಗಡಿಯ ಅಟ್ಟದ ಮೇಲೆ ನಾವು ಐದು ಜನ ಪಿಎಚ್‌ಡಿ ವಿದ್ಯಾರ್ಥಿಗಳು ಪ್ರತಿ ಭಾನುವಾರ ಕೂಡುತ್ತಿದ್ದೆವು. ಒಬ್ಬೊಬ್ಬರೇ ಕೂತರೆ ಯಾರಿಗೂ ಬರೆಯಲಿಕ್ಕೆ ಕೈ ಏಳುತ್ತಿರಲಿಲ್ಲ. ಕೂಡಿ ಬರೆಯುವುದು, ಆ ವಾರ ಬರೆದ ಒಂದು ಪುಟವನ್ನು ಗಟ್ಟಿಯಾಗಿ ಓದುವುದು ನಮ್ಮ ಕರಾರು. ಕುಬಿಹಾಳದಿಂದ ಬರುತ್ತಿದ್ದ ಅತಿಥಿ ಉಪನ್ಯಾಸಕರೊಬ್ಬರು ನಮ್ಮೊಳಗೆ ಹಿರಿಯರು. ಪ್ರಬಂಧ ಮುಗಿಯುವ ಮೊದಲೇ ತಲೆ ಹಣ್ಣಾಯಿತೆಂದು ಕಾಡಿಸಿ, ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು.

ನಮ್ಮ ಬರಹವನ್ನು ಅವರಷ್ಟು ಚೆಂದ ತಿದ್ದುವವರು ಬೇರೆ ಇರಲಿಲ್ಲ. "ತಂಗಿ, ಈ ಪ್ಯಾರಾ ಹಾರಿಸಿಬಿಡು. ನೀ ಹೇಳೂದು ಇಲ್ಲಿಂದ ಚಾಲೂ ಆಗೇತಿ ನೋಡು" ಅನ್ನುತ್ತಿದ್ದರು. ಹೇಳಿದ್ದು ಅಗದಿ ಖರೆ ಇರುತ್ತಿತ್ತು.

ಪ್ರಬಂಧ ಒಪ್ಪಿಸುವ ಅವರ ಕೊನೆಯ ಗಡುವಿಗೆ ನಾಲ್ಕು ತಿಂಗಳು ಉಳಿದಿದ್ದಾಗ ನನಗೆ ಗೊತ್ತಾಯಿತು, ಅವರು ವಾರವಾರವೂ ಓದುತ್ತಿದ್ದುದು ಅದೇ ಒಂದು ಪುಟ. ಮೊದಲ ಸಾಲಷ್ಟೇ ಬದಲಾಗುತ್ತಿತ್ತು. ಉಳಿದವರೂ ಗುರುತಿಸಿದ್ದರು. ಆದರೂ "ಛಲೋ ಬಂದೈತ್ರಿ ಕಾಕಾ" ಅಂದು ನಮ್ಮ ಹಾಳೆಗಳನ್ನು ಅವರ ಮುಂದೆ ಸರಿಸುತ್ತಿದ್ದೆವು. ಕೇಳಿದರೆ ನೊಂದುಕೊಂಡಾರು ಎಂಬುದು ನೆಪ. ಬರುವುದನ್ನೇ ಬಿಟ್ಟರೆ ನಮ್ಮದನ್ನು ತಿದ್ದುವವರು ಯಾರು ಎಂಬುದು ಒಳಗಿನ ಮಾತು. ಇದನ್ನು ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಅವರು ತಮ್ಮ ಟಿಪ್ಪಣಿ, ಪುಸ್ತಕಗಳನ್ನೆಲ್ಲ ಚೀಲದಲ್ಲಿ ತಂದು ನಮಗೆ ಹಂಚಿದರು. "ನನಗ ಇನ್ನ ಬೇಕಾಗಂಗಿಲ್ಲ, ಇಟ್ಕೋರಿ." ನಾವು ಇಟ್ಟುಕೊಂಡೆವು... ಮುಂದಿನ ವಾರದಿಂದ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ.

ಗಡುವು ಮುಗಿದ ಮೇಲೆ, ಅದೂ ಒಂದು ಭಾನುವಾರವೇ, ಕುಬಿಹಾಳಕ್ಕೆ ಹೋದೆ. ಬರೆಯುವ ಗುಂಪಿನವಳೆಂದು ಹೇಳಿಕೊಂಡ ಕೂಡಲೇ ಅವರ ಹೆಂಡತಿ ಬಾಗಿಲಲ್ಲಿ ನಕ್ಕರು. "ಈಗಷ್ಟ ನಿಮ್ಮ ಕಡೇನ ಹೋದ್ರಲ್ಲವಾ! ಒಂದು ಭಾನುವಾರನೂ ತಪ್ಪಿಸಂಗಿಲ್ಲ. ಮುಂದಿನ ತಿಂಗಳ ಡಾಕ್ಟರ್ ಆಗ್ತೇನಿ ಅಂದಾರ."

ಮೂರು ತಿಂಗಳಿಂದ ಅವರು ನಮ್ಮ ಕಡೆ ಸುಳಿದಿರಲಿಲ್ಲ. ಆದರೂ "ಹೌದ್ರಿ ಕಾಕು, ಹಾದ್ಯಾಗ ಭೇಟಿ ತಪ್ಪಿರಬೇಕು" ಎಂದು ತಿರುಗಿ ಬಂದೆ.

ತಿಂಗಳೊಪ್ಪತ್ತಿನಲ್ಲಿ, ಹಾಗೆಯೇ ಒಂದು ಭಾನುವಾರ ಹೊರಟ ಕಾಕಾ ಮನೆಗೆ ಮರಳಲಿಲ್ಲ. ಪೊಲೀಸರೂ ಹುಡುಕಿ ಕೈಚೆಲ್ಲಿದರು.

ಈಗ ನಾನೂ ಡಾಕ್ಟರೇಟ್ ಪಡೆದವಳು. ಕಾಕು ಇವತ್ತಿಗೂ ಭಾನುವಾರ ಸಂಜೆ ಫೋನ್ ಮಾಡುತ್ತಾರೆ. "ಇವತ್ತರ ಬಂದಿದ್ರೇನವಾ?"

"ಇಲ್ರಿ ಕಾಕು, ಬಂದಿಲ್ಲ" ಅನ್ನುತ್ತೇನೆ. ಅವತ್ತು ಆ ಬಾಗಿಲಲ್ಲಿ ನಿಂತು ಹೇಳಬೇಕಾಗಿದ್ದ ಮಾತು ಅದು.