ಒಣಹಾಕಿದ ಮೂರು ಅಂಗಿ

ಹನ್ನೊಂದು ವರ್ಷ ಒಂದೇ ಬಿದಿರನ್ನು ಬರೆದವಳು ಕ್ವೋಕ್ ಯುಕ್-ಮೂಯ್. ವಾರವಿಡೀ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಹೋಟೆಲಿನ ಕಡುಬು ಮಡಿಸುವುದು, ಭಾನುವಾರ ಚೀನೀಯರ ಸಂಘದ ಮಹಡಿಯಲ್ಲಿ ಕೂತು, ಮಸಿಚಿತ್ರ ಕಲಿಸುವ ತಾಮ್ ಮೇಷ್ಟ್ರ ಬಿದಿರು, ಬಂಡೆ, ಜಲಪಾತಗಳನ್ನು ನಕಲು ಮಾಡುವುದು. ಮೇಷ್ಟ್ರು ನೋಡಿ ‘ಹೂಂ’ ಅಂದರೆ ಅವಳಿಗೆ ಆ ವಾರವೆಲ್ಲ ಹಬ್ಬ.

ಹನ್ನೆರಡನೆಯ ವರ್ಷ ಮಾತ್ರ ಕೈ ಮಾತು ಕೇಳಲಿಲ್ಲ. ಹಿತ್ತಲಲ್ಲಿ ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡು ತಿರುಗುವ, ಬಟ್ಟೆ ಒಣಹಾಕುವ ಕಂಬ, ಅದರ ಮೇಲೆ ಗಂಡನ ಮೂರು ಒದ್ದೆ ಅಂಗಿ. ಇಷ್ಟೇ. ಮಸಿಗೆ ನೀರು ಬೆರೆಸಿ ಒಂದೇ ಉಸಿರಿಗೆ ಎಳೆದಳು. ಅಂಗಿಯ ತುದಿಯಿಂದ ಹನಿ ಇನ್ನೇನು ಬಿದ್ದೀತು ಅನ್ನುವ ಹಾಗೆ. ಮೇಲಿನ ಮುಕ್ಕಾಲು ಹಾಳೆಯನ್ನು ಮುಟ್ಟಲೇ ಇಲ್ಲ. ಅದು ಆಕಾಶ, ಇಲ್ಲಿಯ ಬಯಲು ಆಕಾಶ. ಇದೊಂದು ಚಿತ್ರ ಸಂಘದ ಪ್ರದರ್ಶನದಲ್ಲಿ ಗೋಡೆ ಏರಿದರೆ ಸಾಕು, ಜನ್ಮ ಸಾರ್ಥಕ ಅನ್ನಿಸಿತು.

ಗುರುವಿನ ಕೈಬರಹದ ಒಂದು ಸಾಲಿಲ್ಲದೆ ಶಿಷ್ಯೆಯ ಚಿತ್ರ ತೂಗುಹಾಕುವ ಪದ್ಧತಿ ಅಲ್ಲಿಲ್ಲ. ಒಂದು ಮೂಲೆ ತೋರಿಸಿ ಆ ಸಾಲು ಬರೆಸಿಕೊಂಡಿದ್ದರೆ ಆಗುತ್ತಿತ್ತು. ಆದರೆ ಗುರುವಿಗೆ ಜಾಗ ತೋರಿಸುವುದುಂಟೇ? ಯುಕ್-ಮೂಯ್ ಎರಡೂ ಕೈಯಲ್ಲಿ ಹಾಳೆ ಹಿಡಿದು, “ಮೇಷ್ಟ್ರೇ, ತಮಗೆ ಎಲ್ಲಿ ಬೇಕೋ ಅಲ್ಲಿ ಬರೀರಿ” ಅಂದಳು.

“ಇದೇನಮ್ಮಾ, ಗಂಡನ ಬಟ್ಟೆ ಒಣಹಾಕೋಕೆ ನಿಂಗೆ ನನ್ನ ಮಹಡೀನೇ ಬೇಕಿತ್ತಾ?”

ಎಲ್ಲರೂ ನಕ್ಕರು. “ಒಳಚಡ್ಡಿ ಮನೇಲೇ ಬಿಟ್ಟುಬಂದಿದಾಳಲ್ಲ, ಪುಣ್ಯ!” ಅಂದಳು ಪಕ್ಕದ ಮೇಜಿನ ಸಾಯ್-ಫಾ.

“ಇಷ್ಟು ಜಾಗ ಯಾಕೆ ಖಾಲಿ? ಮಸಿ ಮುಗಿದೋಯ್ತಾ?” ಮೇಷ್ಟ್ರು ಕೇಳಿದರು.

“ಅದು... ಆಕಾಶ, ಮೇಷ್ಟ್ರೇ.”

“ಆಕಾಶ! ಹಿಡ್ಕೋ ಹಾಳೆ. ಅಲ್ಲಾಡಿಸ್ಬೇಡ.”

ಅವರು ದಪ್ಪ ಕುಂಚ ಅದ್ದಿದರು. ಆಕಾಶದಲ್ಲಿ ಬೆಟ್ಟ ಎದ್ದಿತು, ಬೆಟ್ಟದ ಹಿಂದೆ ಬೆಟ್ಟ. ಕಂಬ ದೇವದಾರು ಮರವಾಯಿತು. ಒಂದು ಅಂಗಿ ಬಂಡೆಯಾಯಿತು, ಇನ್ನೊಂದು ಜಲಪಾತ. ಆ ಕಾಗದ ಒಮ್ಮೆ ಕುಡಿದ ಮಸಿಯನ್ನು ಯಾವ ದೇವರೂ ಕಕ್ಕಿಸಲಾರ. ಕುಂಚ ಮೂರನೆಯ ಅಂಗಿಯ ಮೇಲೆ ಬಂದು ನಿಂತಿತು. ಈಗ ಎಳೆದುಕೊಂಡರೆ ಅದೊಂದಾದರೂ ಉಳಿದೀತು. ಯುಕ್-ಮೂಯ್ ಹಾಳೆಯನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದಳು, ಮೇಷ್ಟ್ರ ಗೆರೆ ಎಲ್ಲಿ ನಡುಗೀತೋ ಎಂದು.

“ಈಗ ಚಿತ್ರ ಆಯ್ತು ನೋಡು” ಎಂದು ಮೇಷ್ಟ್ರು ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಿದರು.

“ದೊಡ್ಡ ಉಪಕಾರ ಆಯ್ತು, ಮೇಷ್ಟ್ರೇ.”

“ಪುಣ್ಯ ಮಾಡಿದೀಯ ಕಣಕ್ಕಾ, ನಮಗಾದ್ರೆ ಬರೀ ಒಂದು ಸಾಲು ಗೀಚ್ತಾರೆ” ಅಂದಳು ಸಾಯ್-ಫಾ, ನಿಜವಾದ ಹೊಟ್ಟೆಕಿಚ್ಚಿನಿಂದಲೇ.

ಪ್ರದರ್ಶನದಲ್ಲಿ ಅದು ನಟ್ಟನಡುವಿನ ಗೋಡೆಯನ್ನೇ ಏರಿತು. ಕೆಳಗಿನ ಚೀಟಿಯಲ್ಲಿ ಮೇಷ್ಟ್ರ ಹೆಸರೊಂದೇ ಇತ್ತು. ಯುಕ್-ಮೂಯ್ ಅದರ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ಚಹಾ ಬಗ್ಗಿಸಿ ಕೊಟ್ಟಳು.