ಅಡಸಾಲಿ ಅಳಿಸಿದ ಮೇಲೆ ಪದ್ಮಾಬಾಯಿ

ಎಂಟರ್ ಒತ್ತುವ ಮುನ್ನ ಪದ್ಮಾಬಾಯಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಪರದೆಯ ಮೇಲಿನ ಸಾಲನ್ನು ಮೂರು ಸಲ ಓದುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಕೆಲಸಕ್ಕೆ ಬಂದ ಮಹಾಪಂಡಿತ ನಾನು. ಆಕೆ ಭೋಜ ಎಂಬ ಹಳ್ಳಿಯ ಜೈನ ರೈತರ ಮಗಳು. ಟೈಪಿಂಗ್ ಕಲಿತು, ಚಿಕ್ಕೋಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಯುನಿಕ್ಸ್ ಕಂಪ್ಯೂಟರಿಗೆ ಯಜಮಾನಿಯಾಗಿದ್ದರು. ಅದು ತೊಂಬತ್ತರ ದಶಕದ ಆರಂಭ.

"ಫೈಂಡ್ ಅಂದ್ರ ಹುಡುಕಾಕ ಕಳಸೋದೋ ಶ್ಯಾಣ್ಯಾ. ಏನ್ ತಂದೈತಿ ಮೊದ್ಲ ನೋಡು, ಆಮ್ಯಾಲ ಮುಂದಿನ ಕೆಲಸ ಹೇಳು. ಜ್ವಾಳ ಹಸನ ಮಾಡದ ಗಿರಣಿಗೆ ಹಾಕ್ತಿಯೇನ?" ಎನ್ನುತ್ತಿದ್ದರು. ಮ್ಯಾನೇಜರನ್ನೂ ಬಿಡುತ್ತಿರಲಿಲ್ಲ. "ಸಾಹೇಬ್ರು ಮಷಿನ್‌ಗೆ ದಿನಾ ಹೂವು ಏರಿಸ್ತಾರ, ಟೇಪ್ ಏರಿಸೂದಿಲ್ಲ." ಫೈಲುಗಳ ಇನ್ನೊಂದು ಪ್ರತಿ ತೆಗೆದಿಡಬೇಕಾದ ಆ ಟೇಪು ಸಾಹೇಬರ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಸಮೇತ ಮಲಗಿತ್ತು.

ಕಬ್ಬು ನುರಿಸುವ ಹಂಗಾಮಿಗೆ ಒಂದು ವಾರವಿತ್ತು. ಡಿಸ್ಕ್ ತುಂಬಿತು. ಪದ್ಮಾಬಾಯಿ ಊಟಕ್ಕೆ ಹೋದಾಗ ನಾನು ಜಾಣತನ ತೋರಿಸಿದೆ:

find . -mtime +365 -exec rm {} \;

ಒಂದು ವರ್ಷದಿಂದ ಯಾರೂ ಬದಲಿಸದ ಫೈಲುಗಳನ್ನು ಹುಡುಕು, ಸಿಕ್ಕಿದ್ದನ್ನೆಲ್ಲ ಅಳಿಸು ಎಂದು ಇದರ ಅರ್ಥ. ಪಟ್ಟಿ ನೋಡಲಿಲ್ಲ. ವರ್ಷ ಕಳೆದದ್ದು ಹಳೆಯದು, ಅದರಲ್ಲಿ ನೋಡುವುದೇನು!

ವಾಪಸು ಬಂದವರು ಪರದೆ ನೋಡಿದರು. "ಅಡಸಾಲಿ ಎಲ್ಲೈತೋ?"

ಅಡಸಾಲಿ ಕಬ್ಬು ಹೊಲದಲ್ಲಿ ಒಂದೂವರೆ ವರ್ಷ ನಿಲ್ಲುತ್ತದೆ. ನಾಟಿ ಮಾಡಿದಾಗ ಒಮ್ಮೆ ಹೆಸರು ಬರೆದರೆ, ಕಡಿಯುವವರೆಗೆ ಆ ಫೈಲನ್ನು ಯಾರೂ ಮುಟ್ಟುವುದಿಲ್ಲ. ಹೆಸರಿಲ್ಲದವನಿಗೆ ಕಟಾವಿನ ಪಾಳಿಯೂ ಇಲ್ಲ. ಹತ್ತಾರು ಊರುಗಳ ಬೆಳೆದು ನಿಂತ ಕಬ್ಬನ್ನು ನಾನು ಒಂದೇ ಸಾಲಿನಲ್ಲಿ ಅಳಿಸಿದ್ದೆ.

"ಥೂ ನಿನ್ನ! ಹೊಲದಾಗ ನಿಂತಿದ್ದು ಹಳೇದೇನ್ಲೇ?"

ಮ್ಯಾನೇಜರ್ ಓಡಿಬಂದು, "ಯಾರು ಮಾಡಿದ್ದಿದು?" ಎಂದರು. ನಾನು ನೆಲದ ಫರಸಿ ಎಣಿಸುತ್ತಿದ್ದೆ. "ನಾ ಮಾಡೀನ್ರಿ" ಎಂದರು ಪದ್ಮಾಬಾಯಿ. ಆಮೇಲೆ ನಾನು ಯಾಕೆ ಎಂದು ಕೇಳಿದ್ದಕ್ಕೆ, "ನಿನ್ನ ತಗದ್ರ ಮತ್ತೊಬ್ಬ ಶ್ಯಾಣ್ಯಾಗ ಮೊದಲಿಂದ ಕಲಸಬೇಕು. ಅಷ್ಟ ಪುರಸೊತ್ತಿಲ್ಲ ನನಗ" ಎಂದರು.

ನಾಟಿ ಹೊತ್ತಿಗೆ ರೈತರ ಹೆಸರು ಬರೆದಿದ್ದ ಚೀಟಿಗಳನ್ನು ಗೋಣಿಚೀಲಗಳಲ್ಲಿ ತರಿಸಿ ನಾನು ಓದಿದೆ, ಅವರು ಟೈಪ್ ಹೊಡೆದರು. ಒಂದೊಂದು ಊರಿನ ಪಟ್ಟಿ ಮುಗಿದಂತೆ ಅಲ್ಲಿ ಕಟಾವು ಶುರುವಾಯಿತು. ಭೋಜದ ಚೀಟಿಗಳನ್ನು ಮಾತ್ರ ಬದಿಗಿಟ್ಟಿದ್ದರು. "ನಮ್ಮೂರು ಮೊದ್ಲ ಹಾಕಿದ್ರ ಮಂದಿ ಏನಂದೀತು?" ಭೋಜ ಕೊನೆಗೆ ಬಂತು. ಅದು ಮುಗಿದ ಮರುದಿನ ಅವರನ್ನು ಕೆಲಸದಿಂದ ತೆಗೆದರು. ನಾನು ಆಗಲೂ ತುಟಿ ಎರಡು ಮಾಡಲಿಲ್ಲ. ಎಂಥ ಗಂಡಸು!

ಜನವರಿಯಲ್ಲಿ ಕ್ಷಮೆ ಕೇಳಲು ಭೋಜಕ್ಕೆ ಹೋದೆ. ಅವರನ್ನು ನೋಡಿದ್ದು ಅದೇ ಕೊನೆ. ಅವರ ಹೊಲಕ್ಕೆ ಕಟಾವಿನ ಪಾಳಿ ಇನ್ನೂ ಬಂದಿರಲಿಲ್ಲ. ಕಬ್ಬು ಹೂವಿನ ತುರಾಯಿ ಒಡೆದು, ತೂಕ ಕಳೆದುಕೊಂಡು ಒಣಗುತ್ತಿತ್ತು. ಅವರ ಅಪ್ಪ ಒಂದು ಕಬ್ಬಿನ ಗಳ ಮುರಿದು ನನ್ನ ಕೈಗೆ ಕೊಟ್ಟರು.

"ನಮ್ಮ ಪದ್ಮಾನ ತಪ್ಪಿಗೆ ನಿಮಗೂ ಭಾಳ ತ್ರಾಸ ಆತ್ರಿ. ಏನ್ ಮಾಡೂದು, ಸಣ್ಣಾಕಿದ್ದಾಗಿಂದ ಆಕಿಗೆ ಬರೇ ಅವಸರ."

ಪದ್ಮಾಬಾಯಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದರು. ನಾನು ಬಾಯಿ ತೆರೆದೆ, ಕಬ್ಬು ಕಚ್ಚಿದೆ.