ಟೇಪಮ್ಮನ ಕೈ

ಪ್ಲಾಸ್ಟಿಕ್ ಮುಚ್ಚಳಗಳಿಗೆ ಲೋಹದ ತೆಳು ಲೇಪ ಹಚ್ಚಿ ಬೆಳ್ಳಿಯಂಥ ಹೊಳಪು ಕೊಡುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಟೇಪಮ್ಮ ಎಂದೇ ಕರೆಯುತ್ತಿದ್ದರು. ಅವಳ ಕೆಲಸವೇ ಅದು: ಮುಚ್ಚಳದ ಮೇಲೆ ಟೇಪು ಒತ್ತಿ, ಸರ್ರನೆ ಕಿತ್ತು, ಬೆಳಕಿಗೆ ಹಿಡಿಯುವುದು. ಟೇಪಿಗೆ ಲೋಹ ಮೆತ್ತಿಕೊಂಡು ಬಂತೋ, ಆ ತಟ್ಟೆಯ ಮುಚ್ಚಳಗಳೆಲ್ಲ ವಾಪಸ್. ಮೇಲ್ವಿಚಾರಕ ಎಷ್ಟು ಗೋಗರೆದರೂ ಅವಳು ಬಿಡುತ್ತಿರಲಿಲ್ಲ.

ಮಗಳೂ ಅಲ್ಲೇ ಕೆಲಸಕ್ಕೆ ಸೇರಿದಾಗ ಟೇಪಮ್ಮ ಹೇಳಿಕೊಟ್ಟಿದ್ದಳು: "ಇದು ಗೋಂದಿನ ಅಂಟಲ್ಲ ಕಣೇ. ಪ್ಲಾಸ್ಟಿಕ್ಕಿಗೆ ಲೋಹ ಅಂದ್ರೆ ಬೇಕಾಗೇ ಇಲ್ಲ. ಮೊದಲು ಬೆಂಕಿ ತೋರಿಸಿದ್ರೆ ಅದರ ಮೈಮೇಲೆ ಆಕ್ಸಿಜನ್ ಕೂರುತ್ತೆ. ಆಮೇಲೆ ಬರೋ ಲೋಹ ಅದರ ಜೊತೆ ಅಣುವಿಗೆ ಅಣು ಬೆಸೆದುಕೊಳ್ಳುತ್ತೆ. ನಡುವೆ ಬೆರಳಿನ ಜಿಡ್ಡು ತಾಗಿತೋ, ಮುಗೀತು, ಲೋಹ ಹಿಡಿಯಲ್ಲ."

ಈಗ ಅಮ್ಮ ಆಸ್ಪತ್ರೆಯಲ್ಲಿ. ಮರೆವು ಅವಳ ಬುದ್ಧಿಯನ್ನೆಲ್ಲ ನುಂಗಿ ನೀರು ಕುಡಿದಿದೆ, ಕೈ ಮಾತ್ರ ಕೆಲಸ ಮರೆತಿಲ್ಲ. ಹಾಳಾದ್ದು, ಡ್ರಿಪ್ ಸೂಜಿಗೆ ಹಚ್ಚಿದ ಟೇಪನ್ನೇ ಕಿತ್ತು ಬೆಳಕಿಗೆ ಹಿಡಿಯುತ್ತಾಳೆ. ಹಾಸಿಗೆಯೆಲ್ಲ ರಕ್ತ.

"ಇನ್ನೊಂದ್ಸಲ ಕಿತ್ರೆ ಕೈ ಕಟ್ಟಲೇಬೇಕಾಗುತ್ತೆ ಅಕ್ಕಾ," ಎಂದಳು ನರ್ಸ್.

ಅದನ್ನು ನೋಡುವ ಶಕ್ತಿ ಮಗಳಿಗಿರಲಿಲ್ಲ. ಆ ಕೈಗೆ ಬೇರೆ ಕೆಲಸ ಕೊಟ್ಟರಾಯಿತೆಂದು ಕಾರ್ಖಾನೆಯಿಂದ ಒಂದು ಚೀಲ ಮುಚ್ಚಳ, ಒಂದು ಸುರುಳಿ ಟೇಪು ತಂದಳು. ಪುಕ್ಕಟೆ ಸಿಗುವುದು ಟೇಪಿನ ಪರೀಕ್ಷೆಯಲ್ಲಿ ಸೋತ ಮಾಲು ತಾನೆ? ಅಲ್ಲೇ ಎಡವಿದಳು. ಅಮ್ಮ ಕಿತ್ತ ಪ್ರತಿ ಟೇಪಿಗೂ ಹೊಳಪು ಸಲೀಸಾಗಿ ಎದ್ದು ಬಂತು. ಮುದುಕಿಯ ಮುಖ ಕೆಂಪಾಯಿತು.

"ಬೆಂಕಿ ತೋರಿಸ್ದೆ ಕಳಿಸಿದ್ಯಾರು? ಒಂದೂ ಹಿಡಿದಿಲ್ಲ," ಎನ್ನುತ್ತ ಸೂಜಿಯನ್ನೂ ಕಿತ್ತೆಸೆದಳು. ಸಂಜೆಯೇ ಅವಳ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದರು.

ಮರುದಿನ ಮಗಳು ಮೇಲ್ವಿಚಾರಕನ ಕೈಕಾಲು ಹಿಡಿದು ಪಾಸಾದ ಮುಚ್ಚಳಗಳನ್ನು ತಂದಳು. ನರ್ಸನ್ನು ಬೇಡಿಕೊಂಡು ಕಟ್ಟು ಬಿಚ್ಚಿಸಿದಳು. ಅಮ್ಮ ಒತ್ತಿದಳು, ಕಿತ್ತಳು, ಕಿಟಕಿಯ ಬೆಳಕಿಗೆ ಹಿಡಿದಳು. ಟೇಪು ಸ್ವಚ್ಛವಾಗಿತ್ತು. ಇನ್ನೊಂದು, ಅದೂ ಸ್ವಚ್ಛ. ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು. ಸೂಜಿಯ ಕಡೆ ಕೈ ಹೋಗಲೇ ಇಲ್ಲ.

ಮಗಳಿಗೆ ದುಃಖ ಉಕ್ಕಿ ಬಂತು. ಕಟ್ಟಿನ ಗುರುತು ಬಿದ್ದಿದ್ದ ಅಮ್ಮನ ಕೈಯನ್ನು ಮೆಲ್ಲನೆ ಹಿಡಿದುಕೊಂಡಳು.

ಅಮ್ಮ ಸರಕ್ಕನೆ ಕೈ ಎಳೆದುಕೊಂಡಳು. ಯಾರೋ ಏನೋ ಎಂಬಂತೆ ಅವಳನ್ನು ನೋಡಿದಳು.

"ಹೊಸಬಳಾ ನೀನು? ಬರಿಗೈಲಿ ಮುಟ್ಟಬೇಡಮ್ಮ," ಎಂದಳು ಸಮಾಧಾನವಾಗಿಯೇ. "ಮುಟ್ಟಿದ್ರೆ ಹಿಡಿಯಲ್ಲ."

"ಆಯ್ತಮ್ಮ," ಎಂದ ಮಗಳು, ಮುಂದಿನ ಮುಚ್ಚಳವನ್ನು ಅಂಚಿನಲ್ಲಿ ಹಿಡಿದು ಕೊಟ್ಟಳು.